ಎಂಕ್ವಾರಿ ಮಾವ

ಬಳ್ಳಾರಿಯ ಕೌಲ್ ಬಜಾರ್ ಕಡೆ ಯಾರ ಮನೆಯಲ್ಲಿ ಮದುವೆ ಮಾತು ಎದ್ದರೂ, ಜಾತಕ ಜೋಯಿಸರ ಕೈ ಸೇರುವ ಮೊದಲೇ ಹುಡುಗನ ಊರು, ಮನೆತನ, ಫೋನ್ ನಂಬರು ಎಲ್ಲವೂ ಎಂಕ್ವಾರಿ ಮಾವನ ಜೇಬು ಸೇರಿರುತ್ತವೆ. ಇವರು ಯಾರಿಗೂ ಸ್ವಂತ ಮಾವನಲ್ಲ, ಇಡೀ ಓಣಿಗೆ ಮಾವ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಮಾವ ಸಾರಿಗೆ ಸಂಸ್ಥೆಯ ನಿವೃತ್ತ ಕಂಡಕ್ಟರು. ಕುರುಗೋಡು, ಸಿರುಗುಪ್ಪ ಎರಡೂ ರೂಟಿನಲ್ಲಿ ಟಿಕೆಟ್ ಹರಿದು ಹರಿದು ಹೆಬ್ಬೆರಳು ಸವೆಸಿದವರು. ಬಸ್ಸು ಹತ್ತಿದ ಹೆಣ್ಣುಮಗಳು ಹಬ್ಬಕ್ಕೆ ತವರಿಗೆ ಹೊರಟಿದ್ದಾಳೋ ಮುನಿಸಿಕೊಂಡು ಹೊರಟಿದ್ದಾಳೋ ಎಂಬುದನ್ನು ಬ್ಯಾಗಿನ ಗಾತ್ರ ನೋಡಿಯೇ ಹೇಳುತ್ತಿದ್ದರಂತೆ. ಸರ್ವಿಸ್ ಮುಗಿಯಿತು, ಚೆಕಿಂಗ್ ಮಾತ್ರ ಮುಗಿಯಲಿಲ್ಲ.

ಅವರ ವಿಧಾನಕ್ಕೆ ಒಂದು ಶಿಸ್ತಿದೆ. ಪಕ್ಕದ ಮನೆಯವರನ್ನು ಎಂದೂ ಕೇಳುವುದಿಲ್ಲ. "ಪಕ್ಕದ ಮನೆಯೋರು ಒಂದೋ ನೆಂಟರಿರ್ತಾರೆ, ಇಲ್ಲಾ ವೈರಿಗಳಿರ್ತಾರೆ. ಎರಡೂ ಸಾಕ್ಷಿ ಕೋರ್ಟಿನಾಗೆ ನಿಲ್ಲಂಗಿಲ್ಲ" ಎನ್ನುತ್ತಾರೆ. ಕುರುಗೋಡಿಗೆ ಹೋದರೆ ಮೊದಲು ದೊಡ್ಡಬಸವೇಶ್ವರನಿಗೆ ಕೈಮುಗಿದು, ನೇರವಾಗಿ ಕಿರಾಣಿ ಅಂಗಡಿಗೆ ನಡೆಯುತ್ತಾರೆ. ಬೇಡದಿದ್ದರೂ ಅರ್ಧ ಕಿಲೋ ಬೆಲ್ಲ ಕೊಳ್ಳುತ್ತಾರೆ. ಅಂಗಡಿಯವನು ತೂಕ ಮಾಡುವಷ್ಟರಲ್ಲಿ ಹುಡುಗನ ಮನೆಯ ಉದ್ರಿ ಲೆಕ್ಕ ಹೊರಗೆ ಬಂದಿರುತ್ತದೆ. ಮುಂದಿನ ಠಾಣೆ ಕ್ಷೌರದಂಗಡಿ. ತಲೆಯಲ್ಲಿ ಕೂದಲಿಲ್ಲದ ಮಾವ ಅಲ್ಲಿ ದಾಡಿ ಮಾಡಿಸಿಕೊಳ್ಳುತ್ತಾರೆ. ಒಂದೇ ದಿನ ಎರಡು ಊರಿನ ಕೇಸು ಬಂದರೆ ಎರಡು ಸಲ.

ಸಿರುಗುಪ್ಪದ ಕೇಸುಗಳೆಂದರೆ ಅವರಿಗೆ ಇನ್ನೂ ಹುಮ್ಮಸ್ಸು. ಅದು ಭತ್ತದ ನಾಡು, ಅಲ್ಲಿ ಎಲ್ಲ ಹುಡುಗರಿಗೂ "ನೀರಾವರಿ ಗದ್ದೆ" ಇರುತ್ತದೆ. ಮಾವ ಕೇಳುವ ಪ್ರಶ್ನೆ ಒಂದೇ: "ಕಾಲುವೆಗೆ ತಲೆ ಕಡೆಗೋ, ಬಾಲದ ಕಡೆಗೋ?" ತುಂಗಭದ್ರೆಯ ನೀರು ಕೊನೆ ಭಾಗಕ್ಕೆ ಮುಟ್ಟುವುದು ದೇವರ ಚಿತ್ತ ಎಂಬುದು ಅವರಿಗೆ ಗೊತ್ತು. ಆಮೇಲೆ ಪಹಣಿ ತೆಗೆಸುತ್ತಾರೆ. ಬೇರೆಯವರು ಮಾಲೀಕರ ಹೆಸರು ನೋಡಿ ಸಮಾಧಾನಪಟ್ಟುಕೊಂಡರೆ, ಮಾವನ ಬೆರಳು ಸೀದಾ ಹನ್ನೊಂದನೇ ಕಾಲಂಗೆ ಇಳಿಯುತ್ತದೆ. ಬ್ಯಾಂಕಿನ ಸಾಲ ಕೂತಿರುವುದು ಅಲ್ಲಿ. "ಹೊಲ ಅವರ್ದೇ ಐತೆ, ಬೆಳೆ ಮಾತ್ರ ಬ್ಯಾಂಕಿಂದು" ಎಂದು ವರದಿ ಮುಗಿಸುತ್ತಾರೆ.

ಈ ಕೆಲಸವನ್ನು ಯಾರಾದರೂ ಊರ ಉಸಾಬರಿ ಎಂದರೆ ಮಾವನಿಗೆ ಚರಿತ್ರೆ ನೆನಪಾಗುತ್ತದೆ. "ಬಳ್ಳಾರಿ ಕರ್ನಾಟಕದಾಗೆ ಉಳಿದಿದ್ದೇ ಎಂಕ್ವಾರಿಯಿಂದ, ತಿಳ್ಕಳ್ರಿ!" ಮಾತು ಸುಳ್ಳಲ್ಲ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟುವ ಹೊತ್ತಿಗೆ ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕೆಂದು ದೊಡ್ಡ ಜಗಳವಾಗಿ, ಹೈದರಾಬಾದಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರ ವಿಚಾರಣೆ ನಡೆಸಿ ವರದಿ ಕೊಟ್ಟರು. ಆ ವರ್ಷದ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ರಾಯದುರ್ಗ ಆ ಕಡೆ ಹೋದವು. ಮಾವನ ದೃಷ್ಟಿಯಲ್ಲಿ ಮಿಶ್ರ ಅವರು ಮಾಡಿದ್ದೂ ಸಂಬಂಧ ಕುದುರಿಸುವ ಕೆಲಸವೇ.

2011 ಮಾವನ ಭಾಷೆಯನ್ನೇ ಬದಲಿಸಿತು. ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ, ಸೆಪ್ಟೆಂಬರ್‌ನಲ್ಲಿ ಸಿಬಿಐ ಕಾರುಗಳು. ರಾಯಲ್ ಸರ್ಕಲ್ಲಿನ ಚಹಾದಂಗಡಿಯಲ್ಲಿ ಒಗ್ಗರಣೆ-ಮಿರ್ಚಿ ತಿನ್ನುವವರೆಲ್ಲ ಚಾರ್ಜ್‌ಶೀಟ್, ಮಹಜರು, ಮಧ್ಯಂತರ ವರದಿ ಎಂದು ಮಾತಾಡತೊಡಗಿದರು. ಅಂದಿನಿಂದ ಮಾವನೂ "ಹುಡುಗ ಸಿಗರೇಟು ಸೇದ್ತಾನೆ" ಎನ್ನುವುದನ್ನು ಬಿಟ್ಟು, "ಮೇಲ್ನೋಟಕ್ಕೆ ಆರೋಪದಲ್ಲಿ ಹುರುಳೈತೆ" ಎನ್ನುತ್ತಾರೆ.

ಅವರ ಕಷ್ಟವೆಂದರೆ ವರದಿ ಯಾರಿಗೂ ಬೇಡ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ಬಂದು ಆಮೇಲೆ "ಸ್ವಲ್ಪ ವಿಚಾರಿಸಿ ನೋಡ್ರಿ ಮಾವ" ಎನ್ನುವವರೇ ಹೆಚ್ಚು. ಜೀನ್ಸ್ ಫ್ಯಾಕ್ಟರಿ ಓನರ್ ಎಂದು ಹೇಳಿಕೊಂಡ ಹುಡುಗನ ಬಳಿ ಇರುವುದು ಎರಡು ಹೊಲಿಗೆ ಮಷೀನು, ಅದರಲ್ಲಿ ಒಂದು ಅವನ ಅಕ್ಕನದು ಎಂದು ಪತ್ತೆ ಮಾಡಿ ತಂದರೆ, ಹುಡುಗಿಯ ಅಪ್ಪ, "ಇರಲಿ ಬಿಡ್ರಿ, ಸಣ್ಣದರಿಂದಾನೇ ಎಲ್ಲಾರೂ ಬೆಳೆಯೋದು" ಎಂದು ಮಾವನಿಗೇ ಬುದ್ಧಿ ಹೇಳುತ್ತಾನೆ. ಮನಸ್ಸಿಲ್ಲದ ಸಂಬಂಧವಾದರೆ ಮಾತ್ರ, "ಹುಡುಗ ಬಂಗಾರ" ಎಂದು ಮಾವ ಪ್ರಮಾಣ ಮಾಡಿದರೂ, "ಇನ್ನೊಂದು ಸಲ ಸರಿಯಾಗಿ ನೋಡ್ರಿ" ಎಂದು ಮತ್ತೆ ಬಸ್ಸು ಹತ್ತಿಸುತ್ತಾರೆ.

ಮೊನ್ನೆ ಚಹಾದಂಗಡಿಗೆ ಅಪರಿಚಿತನೊಬ್ಬ ಬಂದು ಮಾವನ ಪಕ್ಕದಲ್ಲೇ ಕೂತ. ಕೈಯಲ್ಲಿ ಬೇಡದ ಬೆಲ್ಲದ ಪೊಟ್ಟಣ. "ತಾತ, ಈ ಓಣಿಯಾಗೆ ರಿಟೈರ್ಡ್ ಕಂಡಕ್ಟರ್ ಮನೆ ಹೆಂಗೆ? ಮೊಮ್ಮಗನಿಗೆ ನಮ್ಮ ಕುರುಗೋಡಿನ ಹುಡುಗೀನ ಕೇಳ್ಯಾರೆ."

ಬೇರೆ ಯಾರೇ ಆಗಿದ್ದರೂ ಆ ಮನೆಯನ್ನು ಹೊಗಳಿ ಎದ್ದು ಬರುತ್ತಿದ್ದರು. ಮಾವ ಕಸುಬಿಗೆ ದ್ರೋಹ ಮಾಡಲಿಲ್ಲ. "ಹುಡುಗ ಬಾಳ ಒಳ್ಳೇನು. ಸಾಲ ಇಲ್ಲ, ಚಟ ಇಲ್ಲ. ಒಬ್ಬ ಮುದುಕ ಅದಾನೆ, ಊರ ಮಂದಿ ಸುದ್ದಿ ಎಲ್ಲಾ ಅವನಿಗೇ ಬೇಕು." ಅಷ್ಟಕ್ಕೇ ಬಿಡದೆ, "ನನ್ನೊಬ್ಬನ ಮಾತು ನಂಬಬ್ಯಾಡ್ರಿ. ಕಿರಾಣಿ ಅಂಗಡಿಯೋನ್ನ, ದಾಡಿ ಮಾಡೋನ್ನ ಕೇಳ್ರಿ" ಎಂದು ದಾರಿಯನ್ನೂ ತೋರಿಸಿದರು. ಆತ ಇಬ್ಬರನ್ನೂ ಕೇಳಿದ. ಮೂರೂ ಸಾಕ್ಷಿ ಅಕ್ಷರಶಃ ತಾಳೆಯಾದವು, ಅದರಲ್ಲೂ ಮುದುಕನ ವಿಷಯದಲ್ಲಿ.

ಸಂಬಂಧ ಕುದುರಿತು. ವರದಕ್ಷಿಣೆ, ವರೋಪಚಾರ ಯಾವುದಕ್ಕೂ ತಕರಾರಿಲ್ಲ. ಕುರುಗೋಡಿನ ಬೀಗರು ಇಟ್ಟದ್ದು ಒಂದೇ ಷರತ್ತು: ತಾಳಿ ಕಟ್ಟುವವರೆಗೆ ಹುಡುಗನ ತಾತ ಊರ ಕಡೆ ಬರಬಾರದು.