ಮೂಲೆ ಟೇಬಲ್ಲಿನ ಮತದಾರ

ಕೆಫೆಯ ಬಾಗಿಲು ತೆರೆಯುವ ಹೊತ್ತಿಗೆ ಅವರ ಪಿಕಪ್ ಟ್ರಕ್ಕು ಎದುರಿಗೆ ನಿಂತಿರುತ್ತದೆ. ತಲೆಯ ಮೇಲೆ ಬಿತ್ತನೆ ಬೀಜದ ಕಂಪನಿ ಪುಕ್ಕಟೆ ಕೊಟ್ಟ ಟೋಪಿ. ವಯಸ್ಸು ಎಪ್ಪತ್ತು ದಾಟಿದೆ. ಜಮೀನು ಮಗನ ಕೈಗೆ ಹೋಗಿದೆ, ಯಜಮಾನಿಕೆ ಮಾತ್ರ ಹೋಗಿಲ್ಲ. ಮೂಲೆ ಟೇಬಲ್ಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟ ಕುರ್ಚಿ ಅವರದು. ಗೊತ್ತಿಲ್ಲದೆ ಬೇರೆಯವರು ಅದರಲ್ಲಿ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಕೂತವರು ತಾವಾಗಿಯೇ ಏಳುವ ತನಕ ಸುತ್ತ ಕಪ್ಪು ಹಿಡಿದು ನಿಂತಿರುತ್ತಾರೆ, ಅಷ್ಟೆ. ಕಾಫಿ ಬಿಲ್ಲು ಯಾರ ತಲೆಗೆ ಎಂದು ತೀರ್ಮಾನಿಸಲು ದಾಳ ಉರುಳುತ್ತದೆ.

ಅಮೆರಿಕದ ಮಧ್ಯಪಶ್ಚಿಮದ ಯಾವ ಸಣ್ಣ ಊರಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಆದರೆ ಈ ತಳಿಯ ಶ್ರೇಷ್ಠ ಮಾದರಿ ಬೇಕೆಂದರೆ ಅಯೋವಾದ ಹೋವರ್ಡ್ ಕೌಂಟಿಗೇ ಹೋಗಬೇಕು. 2012ರಲ್ಲಿ ಆ ಕೌಂಟಿ ಒಬಾಮಾಗೆ ಶೇ. 20ಕ್ಕೂ ಮಿಕ್ಕ ಮುನ್ನಡೆ ಕೊಟ್ಟಿತು. 2016ರಲ್ಲಿ ಟ್ರಂಪ್‌ಗೂ ಶೇ. 20ಕ್ಕೂ ಮಿಕ್ಕ ಮುನ್ನಡೆ ಕೊಟ್ಟಿತು. ಅಯೋವಾದ 99 ಕೌಂಟಿಗಳಲ್ಲಿ 31 ಹೀಗೆ ಎರಡು ಸಲ ಒಬಾಮಾ ಎಂದು ಆಮೇಲೆ ಟ್ರಂಪ್ ಎಂದವು. ಆದರೆ ಇಷ್ಟು ಚೊಕ್ಕವಾಗಿ ಪಲ್ಟಿ ಹೊಡೆದ ಕೌಂಟಿ ಇಡೀ ದೇಶದಲ್ಲಿ ಅದೊಂದೇ.

ಏಕೆ ಹೀಗೆ ಎಂದು ಕೇಳಿದರೆ ಯಜಮಾನರ ಬಳಿ ಉತ್ತರ ಸಿದ್ಧವಿದೆ. “ನಾನು ಮನುಷ್ಯನನ್ನು ನೋಡಿ ವೋಟು ಹಾಕುವವನು, ಪಕ್ಷ ನೋಡಿ ಅಲ್ಲ.” ಒಂದು ಗುಟುಕು ಕಾಫಿ. “ನಾನು ಬದಲಾಗಿಲ್ಲ, ಪಕ್ಷಗಳು ಬದಲಾಗಿವೆ.” ಇನ್ನೊಂದು ಗುಟುಕು. ಮುಂದಕ್ಕೆ ಒತ್ತಾಯಿಸಿದರೆ ಮಾತು ಮಳೆಗೆ ಹೊರಳುತ್ತದೆ. ಅವರು ಹೊಗಳುವುದೂ ಕಡಿಮೆ, ಬೈಯುವುದೂ ಕಡಿಮೆ. ಬೆಳೆ ಭರ್ಜರಿ ಬಂದರೆ “ಪರವಾಗಿಲ್ಲ”. ಆಲಿಕಲ್ಲು ಬಿದ್ದು ನೆಲಕಚ್ಚಿದರೆ “ಇನ್ನೂ ಕೆಟ್ಟದಾಗಬಹುದಿತ್ತು”. ಯಾವ ರಾಜಕಾರಣಿಯನ್ನಾದರೂ “ಹೂಂ, ಸ್ವಲ್ಪ ಬೇರೆ ಥರ” ಎಂದರೋ, ಆತನ ಠೇವಣಿ ಹೋಯಿತು ಎಂದೇ ತಿಳಿಯಬೇಕು.

ಹೆಂಡತಿಯ ವೋಟೂ ತಾವು ಹೇಳಿದವರಿಗೇ ಎಂದು ಅವರ ನಂಬಿಕೆ. ಆಕೆ ಅದನ್ನು ಅಲ್ಲಗಳೆಯಲು ಹೋಗಿಲ್ಲ. ಆ ಮಾತು ಬಂದಾಗಲೆಲ್ಲ ತಟ್ಟೆಗೆ ಇನ್ನೊಂದು ತುಂಡು ಪೈ ಹಾಕುತ್ತಾರೆ.

ಸರ್ಕಾರ ತನ್ನ ಪಾಡಿಗೆ ತಾನಿರಬೇಕು ಎಂಬುದು ಯಜಮಾನರ ಸಿದ್ಧಾಂತ. ಬೆಳೆವಿಮೆಯ ಕಂತಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಾಷಿಂಗ್ಟನ್ನೇ ಕಟ್ಟುತ್ತದೆ. ಅದು ಸರ್ಕಾರವಲ್ಲ, ವಿಮೆ. ಮೆಕ್ಕೆಜೋಳದ ಎಥನಾಲ್ ಪೆಟ್ರೋಲಿನಲ್ಲಿ ಖರ್ಚಾಗುವಂತೆ ಕಾನೂನೇ ಇದೆ, ಅದು ದೇಶಭಕ್ತಿ. 2018ರಲ್ಲಿ ಟ್ರಂಪ್ ಚೀನಾದ ಸರಕಿಗೆ ಸುಂಕ ಹಾಕಿದರು, ಚೀನಾ ಅಮೆರಿಕದ ಸೋಯಾಗೆ ಹಾಕಿತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಎರಡು ವರ್ಷಗಳಲ್ಲಿ ದೇಶದ ರೈತರಿಗೆ 2,000 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಘೋಷಣೆಯಾಯಿತು. ಯಜಮಾನರ ಮನೆಗೂ ಚೆಕ್ಕು ಬಂತು. ಅದನ್ನು ಬ್ಯಾಂಕಿಗೆ ಕಟ್ಟಿ, ನೆಟ್ಟಗೆ ಕೆಫೆಗೆ ಬಂದು, “ರೈತನಿಗೆ ಭಿಕ್ಷೆ ಬೇಡ, ಮಾರುಕಟ್ಟೆ ಬೇಕು” ಎಂದು ಗುಡುಗಿದರು. ಟೇಬಲ್ಲಿನಲ್ಲಿದ್ದವರೆಲ್ಲ ತಲೆದೂಗಿದರು. ಅವರೂ ಬ್ಯಾಂಕಿನಿಂದಲೇ ಬಂದಿದ್ದರು.

ಇವರ ಸುವರ್ಣಕಾಲವೆಂದರೆ ಕಾಕಸ್, ಅಂದರೆ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಪಕ್ಷದವರು ಊರೂರಲ್ಲಿ ಸೇರುವ ಸಭೆ. 1972ರಿಂದ ಅಧ್ಯಕ್ಷ ಹುದ್ದೆಯ ಆಕಾಂಕ್ಷಿಗಳೆಲ್ಲ ಮೊದಲು ಅಯೋವಾದ ಬಾಗಿಲು ತಟ್ಟಬೇಕಿತ್ತು. ಚಳಿಗಾಲದ ರಾತ್ರಿ, ಶಾಲೆಯ ಜಿಮ್ಮು. ಡೆಮಾಕ್ರಾಟರಲ್ಲಿ ಅಭ್ಯರ್ಥಿಗೊಂದು ಮೂಲೆ, ಬೆಂಬಲಿಗರು ಅಲ್ಲಿ ಹೋಗಿ ನಿಂತರೆ ತಲೆ ಎಣಿಕೆ. ಸಾಮಾನ್ಯವಾಗಿ ಶೇ. 15 ಮುಟ್ಟದ ಗುಂಪು ಚದುರಿ ಬೇರೆ ಮೂಲೆ ಹುಡುಕಿಕೊಳ್ಳಬೇಕಿತ್ತು. 2008ರಲ್ಲಿ ಯಜಮಾನರು ಯಾವ ಮೂಲೆಗೂ ಹೋಗದೆ ನಡುವೆ ನಿಂತುಬಿಟ್ಟರು. ಮಕ್ಕಳ ಟೀಚರು ಒಂದು ಕೈ ಎಳೆದರು, ದಂತವೈದ್ಯರು ಇನ್ನೊಂದು ಕೈ. ಒಬ್ಬಾಕೆ ಕುಕ್ಕಿ ತೋರಿಸಿ ಕರೆದಳು. ಅಷ್ಟು ಉಪಚಾರ ಮದುವೆಯ ದಿನವೂ ಸಿಕ್ಕಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟರೆ ಎರಡೂ ಕಡೆಯಿಂದ ಎಣ್ಣೆ ಬರುತ್ತದೆ ಎಂಬುದು ಆವತ್ತು ಮನವರಿಕೆಯಾಯಿತು.

2016ರ ಫಲಿತಾಂಶದ ನಂತರವಂತೂ ಪತ್ರಕರ್ತರ ಜಾತ್ರೆ. ಕಿಟಕಿಯ ಬೆಳಕು ಮುಖದ ಮೇಲೆ ಬೀಳಲು ಕುರ್ಚಿಯನ್ನು ಎಷ್ಟು ತಿರುಗಿಸಬೇಕೆಂದು ಯಜಮಾನರೇ ಕ್ಯಾಮೆರಾದವರಿಗೆ ತಿಳಿಸಿಕೊಡುವಷ್ಟು ಪಳಗಿದರು. ಬಂದವರು ಭಾರತದವರೆಂದು ತಿಳಿದರೆ ರಾಜಕೀಯ ಬಿಟ್ಟು ನಾರ್ಮನ್ ಬೋರ್ಲಾಗ್ ಕಥೆ ತೆಗೆಯುತ್ತಾರೆ: ನಿಮ್ಮ ಗೋಧಿಯ ಹಸಿರು ಕ್ರಾಂತಿಗೆ ಕಾರಣನಾದಾತ ಓದಿದ್ದು ನಮ್ಮ ಕೌಂಟಿಯ ಕ್ರೆಸ್ಕೋ ಹೈಸ್ಕೂಲಿನಲ್ಲೇ, ಗೊತ್ತೇ? ಆತನಿಗೆ 1970ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದನ್ನು ಅರ್ಧ ವಾಕ್ಯದಲ್ಲಿ ಮುಗಿಸಿ, ಆತ ಒಳ್ಳೆಯ ಕುಸ್ತಿಪಟುವೂ ಆಗಿದ್ದುದನ್ನು ವಿಸ್ತಾರವಾಗಿ ಹೇಳುತ್ತಾರೆ.

ಈಗ ಕಾಲ ಕೆಟ್ಟಿದೆ. 2020ರ ಕಾಕಸ್‌ನಲ್ಲಿ ಲೆಕ್ಕ ಕಳಿಸಬೇಕಾದ ಆ್ಯಪ್ ಕೈಕೊಟ್ಟು ದೇಶವೆಲ್ಲ ನಕ್ಕಿತು. ಮುಂದಿನ ಸಲಕ್ಕೆ ಡೆಮಾಕ್ರಾಟರು ಅಯೋವಾದ ಮೊದಲ ಪಂಕ್ತಿಯ ಎಲೆಯನ್ನೇ ಎತ್ತಿಬಿಟ್ಟರು. ರಾಜ್ಯ ಸತತ ಮೂರು ಸಲ ಟ್ರಂಪ್ ಪಾಲಾಯಿತು. ಫಲಿತಾಂಶ ಮೊದಲೇ ಗೊತ್ತಿರುವ ಊರಿಗೆ ಕ್ಯಾಮೆರಾ ಹಿಡಿದು ಯಾರು ಬರುತ್ತಾರೆ?

2024ರ ಅಕ್ಟೋಬರಿನಲ್ಲಿ ಒಬ್ಬಳು ಬಂದಳು, ಹೆಗಲಲ್ಲಿ ಕ್ಯಾಮೆರಾ ಚೀಲ. ಯಜಮಾನರು ಟೋಪಿ ಸರಿಮಾಡಿಕೊಂಡು ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿದರು. ಆಕೆ, ಫಲಿತಾಂಶ ಇನ್ನೂ ಯಾರಿಗೂ ಗೊತ್ತಿಲ್ಲದ ವಿಸ್ಕಾನ್ಸಿನ್‌ಗೆ ದಾರಿ ಕೇಳಿದಳು.

“ಒಂಬತ್ತನೇ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋಗಿ, ಮಿಸಿಸಿಪ್ಪಿ ದಾಟಿದರೆ ಅದೇ” ಎಂದರು ಯಜಮಾನರು. ಅವರ ಮನೆಯ ಅಂಗಳದಲ್ಲಿ ಟ್ರಂಪ್ ಹೆಸರಿನ ಫಲಕ ಜೂನ್‌ನಿಂದ ನಿಂತಿತ್ತು. ಆಕೆ ಬಾಗಿಲ ತನಕ ಹೋದ ಮೇಲೆ, ಕೇಳದಿದ್ದರೂ ಕೂಗಿ ಹೇಳಿದರು: “ಅಂದ ಹಾಗೆ, ನಾನಿನ್ನೂ ತೀರ್ಮಾನ ಮಾಡಿಲ್ಲಮ್ಮ!”