ಆಚಮನದ ಬಟ್ಟಲು ಮಾರುವವರಿಗೆ ಒಂದು ಬಹಿರಂಗ ಪತ್ರ

ನ್ಯೂಜೆರ್ಸಿಯ ಕಡಲ ದಂಡೆಯ ಬೋರ್ಡ್‌ವಾಕಿನಲ್ಲಿ ಬಣ್ಣ ಬಳಿದ ಚಿಪ್ಪಿನ ಏಡಿ ಮಾರುವ ಅಂಗಡಿಯ ಯಜಮಾನರಿಗೆ,

ನಿಮಗೆ ಕನ್ನಡ ಬಾರದೆಂದು ಗೊತ್ತು. ಮೊನ್ನೆ ನಿಮ್ಮ ಕೌಂಟರಿನ ಹುಡುಗನಿಗೆ ಇಂಗ್ಲಿಷಿನಲ್ಲೇ ಹೇಳಿ ನೋಡಿದೆ, ಏನೂ ಉಪಯೋಗವಾಗಲಿಲ್ಲ. ಈ ಬೇಸಿಗೆಯಲ್ಲಿ ಮಕ್ಕಳ ಕೈಹಿಡಿದು ನಿಮ್ಮ ಅಂಗಡಿ ಮುಂದೆ ನಿಲ್ಲಲಿರುವ ಎಡಿಸನ್ನಿನ ನಮ್ಮವರಾದರೂ ಓದಲಿ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಾನು ಮೈಸೂರಿನವನು, ಮಗನ ಮನೆಗೆ ಬಂದಿದ್ದೇನೆ. ನೀರು ಸರಬರಾಜಿನ ಕೆಲಸದಲ್ಲಿದ್ದು ನಿವೃತ್ತನಾದವನು. ಇಡೀ ಊರಿಗೆ ನೀರು ಕುಡಿಸಿದ ಕೈಗೆ ಈಗ ಮೊಮ್ಮಗಳು ಎರಡು ಹರ್ಮಿಟ್ ಏಡಿಗಳಿಗೆ ನೀರಿಡುವ ಕೆಲಸ ಕೊಟ್ಟಿದ್ದಾಳೆ. ಒಂದರ ಹೆಸರು ಗುಂಡ. ಇನ್ನೊಂದರ ಹೆಸರು ವಾರಕ್ಕೊಮ್ಮೆ ಬದಲಾಗುತ್ತದೆ. ಎರಡನ್ನೂ ಕೊಟ್ಟವರು ನೀವು. ಜೊತೆಗೆ ‘ಬೇಕಾದದ್ದೆಲ್ಲ ಇದರಲ್ಲೇ ಇದೆ’ ಎಂದು ಒಂದು ಕಿಟ್ ಕೊಟ್ಟಿರಿ: ತಂತಿಯ ಪಂಜರ, ಒಂದು ಹಿಡಿ ಬಣ್ಣದ ಕಲ್ಲು, ಒಂದು ಸ್ಪಂಜು, ಒಂದು ಪ್ಲಾಸ್ಟಿಕ್ ಬಟ್ಟಲು.

ಬಟ್ಟಲಿನ ವಿಚಾರಕ್ಕೇ ಬರುತ್ತೇನೆ. ಅದರಲ್ಲಿ ಹಿಡಿಯುವ ನೀರೆಷ್ಟು ಗೊತ್ತೇ? ಕೇಶವಾ, ನಾರಾಯಣಾ, ಮಾಧವಾ ಎಂದು ಮೂರು ಸಲ ಉದ್ಧರಣೆಯಲ್ಲಿ ಬಿಟ್ಟುಕೊಂಡು ಹೀರುವಷ್ಟು. ಗುಂಡನಿಗೆ ಇನ್ನೂ ಉಪನಯನವಾಗಿಲ್ಲ ಸ್ವಾಮಿ. ಅವನು ಸಂಧ್ಯಾವಂದನೆ ಮಾಡುವುದಿಲ್ಲ, ಚಿಪ್ಪು ಸಮೇತ ನೀರಿಗಿಳಿಯುತ್ತಾನೆ.

ಇಳಿಯಲೇಬೇಕು. ನೀವು ಮಾರುವುದು ಹೆಚ್ಚಾಗಿ ಕೆರಿಬಿಯನ್ ಕಡಲಂಚಿನ ಏಡಿ. ನೆಲದ ಮೇಲೆ ಓಡಾಡಿದರೂ ಅದು ಉಸಿರಾಡುವುದು ಕಿವಿರಿನಿಂದಲೇ. ಕಿವಿರು ಒಣಗಿದರೆ ಉಸಿರು ನಿಂತಂತೆ. ಅದಕ್ಕೇ ಚಿಪ್ಪಿನೊಳಗೆ ಸದಾ ಒಂದಿಷ್ಟು ನೀರು ಹೊತ್ತುಕೊಂಡು ತಿರುಗುತ್ತದೆ, ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬಿಕೊಳ್ಳುತ್ತದೆ. ಅದಕ್ಕೆ ಒಂದು ಸಿಹಿನೀರಿನ ಕೊಳ ಬೇಕು, ಒಂದು ಉಪ್ಪುನೀರಿನ ಕೊಳ ಬೇಕು. ಎಷ್ಟು ಸಿಹಿ, ಎಷ್ಟು ಉಪ್ಪು ಎಂದು ಬೆರೆಸಿಕೊಳ್ಳುವ ಲೆಕ್ಕ ಅದಕ್ಕೆ ಗೊತ್ತು. ನಿಮ್ಮ ಹುಡುಗನಿಗೆ ಗೊತ್ತಿಲ್ಲ.

ಮೊನ್ನೆ ಆದದ್ದು ಹೇಳುತ್ತೇನೆ. ಮಗ ರಜೆಯ ದಿನ ಕಾರು ತೆಗೆದ. ದಾರಿಯುದ್ದಕ್ಕೂ ಟ್ರಾಫಿಕ್ಕು. ಕಾರು ನಿಲ್ಲಿಸಲು ದುಡ್ಡು. ಮರಳಿನ ಮೇಲೆ ಕಾಲಿಡಬೇಕಾದರೆ ಬೀಚ್ ಬ್ಯಾಡ್ಜ್ ಅಂತ ಅದಕ್ಕೂ ದುಡ್ಡು. ನಿಮ್ಮಲ್ಲಿ ಸಾಲು ಮೈಲುದ್ದ, ಯಾಕೆಂದರೆ ಮುಂದಿನ ಮಗು ಜೇಡಮನುಷ್ಯನ ಚಿಪ್ಪು ಬೇಕೋ ಫುಟ್‌ಬಾಲ್ ಚಿಪ್ಪು ಬೇಕೋ ತೀರ್ಮಾನಿಸಲಾರದೆ ಅಳುತ್ತಿತ್ತು. (ಆ ಬಣ್ಣ ಚಕ್ಕೆಯೆದ್ದು ಏಡಿಯ ಹೊಟ್ಟೆ ಸೇರುತ್ತದೆ. ಇರಲಿ, ಅದು ಬೇರೆ ಪತ್ರ.) ನನ್ನ ಸರದಿ ಬಂದಾಗ ಕೇಳಿದ್ದು ಎರಡೇ: ದೊಡ್ಡ ಬಟ್ಟಲು, ಸಮುದ್ರದ ಉಪ್ಪು.

‘ದೊಡ್ಡ ಬಟ್ಟಲು ಬೇಡ ಸರ್, ಮುಳುಗಿ ಸಾಯ್ತವೆ. ಅದಕ್ಕೇ ಸ್ಪಂಜು ಕೊಡೋದು’ ಅಂದ. ಉಪ್ಪು ಕೇಳಿದರೆ ‘ಮನೆಯಲ್ಲಿ ಟೇಬಲ್ ಸಾಲ್ಟ್ ಇಲ್ವಾ?’ ಅಂದ. ಇದೆಯಪ್ಪಾ, ಸಾರಿಗೆ ಹಾಕುತ್ತೇವೆ. ಅದು ಬರೀ ಸೋಡಿಯಂ ಕ್ಲೋರೈಡು, ಜೊತೆಗೆ ಅಯೋಡಿನ್ನು, ಗಟ್ಟಿಯಾಗದಿರಲಿ ಅಂತ ಬೆರೆಸಿದ ಇನ್ನೇನೋ. ಸಮುದ್ರದ ನೀರಿನಲ್ಲಿ ಮೆಗ್ನೀಶಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲ ಇರುತ್ತವೆ ಅಂದೆ. ಒಳಗೆ ಹೋಗಿ ‘ಅಕ್ವೇರಿಯಂ ಸಾಲ್ಟ್’ ಎಂಬ ಡಬ್ಬಿ ತಂದ. ಅದು ಸಿಹಿನೀರಿನ ಮೀನಿಗೆ ಕಾಯಿಲೆ ಬಂದಾಗ ಹಾಕುವ ಉಪ್ಪು, ಅದೂ ಬರೀ ಸೋಡಿಯಂ ಕ್ಲೋರೈಡೇ. ಹವಳ ಸಾಕುವವರು ಬಳಸುವ ಮರೀನ್ ಸಾಲ್ಟ್ ಬೇಕು ಅಂದರೆ ನಿಮ್ಮಲ್ಲಿಲ್ಲ. ಪಕ್ಕದಂಗಡಿಯಲ್ಲಿ ಸಾಲ್ಟ್ ವಾಟರ್ ಟ್ಯಾಫಿ ಎಂಬ ಮಿಠಾಯಿ ಡಬ್ಬಿಗಟ್ಟಲೆ ಜೋಡಿಸಿದ್ದರು. ಎದುರಿಗೆ ಸಾಕ್ಷಾತ್ ಅಟ್ಲಾಂಟಿಕ್ ಮಹಾಸಾಗರ ಮೊರೆಯುತ್ತಿತ್ತು. ಉಪ್ಪುನೀರು ಬೇಕಾದ ಏಡಿ ಮಾರುವ ನಿಮ್ಮ ಅಂಗಡಿಯಲ್ಲಿ ಮಾತ್ರ ಉಪ್ಪುನೀರಿಗೆ ಗತಿಯಿಲ್ಲ. ಆಚಮನದ ಬಟ್ಟಲು ಬೇಕಾದಷ್ಟಿದ್ದವು, ಐದು ಬಣ್ಣದಲ್ಲಿ.

ಹೀಗಾಗಿ ನೀರಿನವನಾದ ನಾನೇ ಕೈಹಾಕಬೇಕಾಯಿತು. ಪಂಜರವನ್ನು ಗ್ಯಾರೇಜಿಗೆ ಎಸೆದು, ಯಾರೋ ಮಾರುತ್ತಿದ್ದ ಇಪ್ಪತ್ತು ಗ್ಯಾಲನ್ನಿನ ಹಳೇ ಗಾಜಿನ ತೊಟ್ಟಿ ತಂದೆವು. ತಂತಿಯ ಪಂಜರದಲ್ಲಿ ತೇವ ನಿಲ್ಲುವುದಿಲ್ಲ. ಈ ಪ್ರಾಣಿಗೆ ಗಾಳಿಯಲ್ಲಿ ಶೇಕಡ 80ರ ಆಸುಪಾಸು ತೇವ ಬೇಕು, ಮುಚ್ಚಳವೂ ಬೇಕು. ಕಳೆದ ಸಲ ಡಿಸೆಂಬರಿನಲ್ಲಿ ಬಂದಿದ್ದಾಗ ಈ ಮನೆಯ ಹೀಟರಿಗೆ ನನ್ನ ತುಟಿಯೇ ಒಡೆದಿತ್ತು, ಇನ್ನು ಗುಂಡನ ಕಿವಿರಿನ ಗತಿ? ತಳಕ್ಕೆ ಐದು ಪಾಲು ಮರಳು, ಒಂದು ಪಾಲು ತೆಂಗಿನ ನಾರಿನ ಪುಡಿ, ಒದ್ದೆ ಮಾಡಿ ಗೇಣು ದಪ್ಪ ಹಾಸಿದೆವು. ತಿಪಟೂರಿನ ಕಡೆ ತಿಪ್ಪೆಗೆ ಹೋಗುವ ನಾರಿನ ಪುಡಿ ಇಲ್ಲಿ ಇಟ್ಟಿಗೆಯಾಗಿ ಡಾಲರಿಗೆ ಬರುತ್ತದೆ ಎಂಬುದನ್ನು ನನ್ನ ಭಾವಮೈದುನನಿಗೆ ಫೋನು ಮಾಡಿ ತಿಳಿಸಿದ್ದೇನೆ.

ಕೊಳದ ಆಳ ಎಷ್ಟಿರಬೇಕೆಂದರೆ, ಎರಡರಲ್ಲಿ ದೊಡ್ಡ ಏಡಿ ಚಿಪ್ಪು ಸಮೇತ ಪೂರಾ ಮುಳುಗಬೇಕು. ಹತ್ತಿ ಬರಲು ದಾರಿ ಇಲ್ಲದಿದ್ದರೆ ಸಾಯುತ್ತದೆ, ನಿಜ. ದಾರಿ ಮಾಡಿಕೊಟ್ಟರೆ ಆಯಿತಲ್ಲ! ಒಂದು ಮಗ್ಗುಲಿಗೆ ಉರುಟು ಕಲ್ಲು ಪೇರಿಸಿದೆ, ಇನ್ನೊಂದು ಮಗ್ಗುಲಿಗೆ ಪ್ಲಾಸ್ಟಿಕ್ ಜಾಲರಿ ಬಾಗಿಸಿ ಕಟ್ಟಿದೆ. ಬಾವಿಗೆ ಮೆಟ್ಟಿಲು ಕಟ್ಟುವುದನ್ನು ಮನುಷ್ಯ ಕಲಿತು ಸಾವಿರಾರು ವರ್ಷವಾಯಿತು. ನಿಮ್ಮ ವ್ಯಾಪಾರಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಕೊಳಗಳನ್ನು ಮರಳಿನಲ್ಲಿ ಹೂಳದೆ ಸ್ವಲ್ಪ ಎತ್ತರದ ಕಟ್ಟೆಯ ಮೇಲಿಟ್ಟೆ. ನೀರು ಚೆಲ್ಲಿ ತಳದಲ್ಲಿ ನಿಂತರೆ, ಪೊರೆ ಕಳಚಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮರಳಿನಲ್ಲಿ ಹೂತು ಮಲಗುವ ಏಡಿ ಅಲ್ಲೇ ಸತ್ತುಹೋಗುತ್ತದೆ. ನಲ್ಲಿ ನೀರನ್ನು ನೇರ ಹಾಕುವಂತಿಲ್ಲ. ಕ್ಲೋರಿನ್ ಆದರೆ ಬಕೆಟಿನಲ್ಲಿ ರಾತ್ರಿಯೆಲ್ಲ ತೆರೆದಿಟ್ಟರೆ ಬಹುಮಟ್ಟಿಗೆ ಹಾರಿಹೋಗುತ್ತದೆ. ನಮ್ಮ ಕಾಲದಲ್ಲಿ ಕ್ಲೋರೋಸ್ಕೋಪಿನಲ್ಲಿ ಹನಿ ಬಿಟ್ಟು ಹಳದಿ ಬಣ್ಣ ಬಂತೋ ಇಲ್ಲವೋ ನೋಡುತ್ತಿದ್ದೆವು. ಆದರೆ ಈ ದೇಶದಲ್ಲಿ ಹಲವು ಊರುಗಳಲ್ಲಿ ಕ್ಲೋರಿನ್ನಿಗೆ ಅಮೋನಿಯಾ ಸೇರಿಸಿ ಕ್ಲೋರಮೈನ್ ಬಿಡುತ್ತಾರೆ. ಅದು ಹಾಗೆ ಸುಲಭಕ್ಕೆ ಹಾರುವ ಗಿರಾಕಿಯಲ್ಲ, ಸಾಕುಮೀನಿನ ಅಂಗಡಿಯಲ್ಲಿ ಸಿಗುವ ಔಷಧಿ ಹನಿ ಹಾಕಿಯೇ ತೆಗೆಯಬೇಕು. ಉಪ್ಪುನೀರಿಗೂ ಮೊದಲು ಇದೇ ಶುದ್ಧಿ. ಆಮೇಲೆ ಲೀಟರಿಗೆ ಸುಮಾರು 35 ಗ್ರಾಂ ಮರೀನ್ ಸಾಲ್ಟು. ತೂಗಿದ್ದು ಸೊಸೆಯ ಅಡುಗೆಮನೆಯ ತಕ್ಕಡಿಯಲ್ಲಿ. ಅವಳಿಗೆ ಈ ಪತ್ರ ತೋರಿಸುವುದಿಲ್ಲ.

ಮೊದಲ ರಾತ್ರಿ ಗುಂಡ ಉಪ್ಪುನೀರಿಗಿಳಿದ. ಚಿಪ್ಪೊಳಗಿಂದ ಗುಳ್ಳೆ ಬಂತು. ಮೊಮ್ಮಗಳು ‘ತಾತಾ, ಮುಳುಗಿಹೋದ!’ ಎಂದು ಕಿರುಚಿದಳು. ಅವನು ಒಳಗೇ ಕಲ್ಲು ಕೆದಕುತ್ತ ಸಾಕಾಗುವಷ್ಟು ಹೊತ್ತಿದ್ದು, ಜಾಲರಿ ಹಿಡಿದು ಹತ್ತಿ ಬಂದು, ಸೀದಾ ಸಿಹಿನೀರಿಗೆ ಹೋದ. ನಿಮ್ಮ ಬಟ್ಟಲಿನಲ್ಲಿ ಅವನ ಒಂದು ಕಾಲೂ ನೆನೆಯುತ್ತಿರಲಿಲ್ಲ.

ಸ್ಪಂಜಿನ ಕಥೆ ಕೇಳಿ. ಬೆಚ್ಚಗಿನ ಒದ್ದೆ ತೊಟ್ಟಿಯಲ್ಲಿ ಅದು ಬ್ಯಾಕ್ಟೀರಿಯಾಗಳ ಛತ್ರ. ಹೊರಗೆ ತೆಗೆದಾಗ ಬಂದ ನಾತಕ್ಕೆ ಮಗ ಗ್ಯಾಸ್ ಲೀಕೇನೋ ಎಂದು ಒಲೆ ನೋಡಲು ಹೋದ.

ಇನ್ನು ತಮಾಷೆ ಸಾಕು. ನೀವು ಮಾರುವ ಏಡಿಗಳನ್ನು ಯಾರೂ ಫಾರಮ್ಮಿನಲ್ಲಿ ಬೆಳೆಸುವುದಿಲ್ಲ. ತಾಯಿ ಮೊಟ್ಟೆಯನ್ನು ಕಡಲಿಗೆ ಬಿಡಬೇಕು, ಮರಿ ಅಲ್ಲೇ ತೇಲಾಡಿ ಬೆಳೆದು ದಡಕ್ಕೆ ಬರಬೇಕು. ತೊಟ್ಟಿಯಲ್ಲಿ ಅದನ್ನು ಸಾಧಿಸಿದವರು ಬೆರಳೆಣಿಕೆಯಷ್ಟು. ಅಂದರೆ ನಿಮ್ಮ ಪಂಜರಗಳಲ್ಲಿರುವ ಏಡಿಗಳು ದಡದಿಂದ ಬಾಚಿ ತಂದವು. ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷಕ್ಕೂ ಮೀರಿ ಬದುಕಬಲ್ಲ ಜೀವ. ನಿಮ್ಮ ಕಿಟ್ಟಿನಲ್ಲಿ ಅದು ಒಂದೇ ದಿನಕ್ಕೆ ಸಾಯುವುದಿಲ್ಲ. ಕಿವಿರು ನಿಧಾನಕ್ಕೆ ಒಣಗಿ, ತಿಂಗಳುಗಟ್ಟಲೆ ನವೆದು ಸಾಯುತ್ತದೆ. ಅಷ್ಟರಲ್ಲಿ ಶಾಲೆ ಶುರುವಾಗಿರುತ್ತದೆ. ‘ಪಾಪ, ವಯಸ್ಸಾಗಿತ್ತೇನೋ’ ಎಂದು ಅಪ್ಪ ಅಮ್ಮ ಮಗುವನ್ನು ಸಮಾಧಾನ ಮಾಡಿ, ಮುಂದಿನ ಬೇಸಿಗೆಗೆ ಮತ್ತೆ ನಿಮ್ಮಲ್ಲಿಗೇ ಬರುತ್ತಾರೆ. ದೊಡ್ಡ ಬಟ್ಟಲು ಇಟ್ಟರೆ ನಿಮ್ಮ ವ್ಯಾಪಾರವೇ ಮುಳುಗುತ್ತದೆ. ನಿಮ್ಮ ಹುಡುಗ ‘ಮುಳುಗುತ್ತೆ’ ಅಂದದ್ದು ಅದನ್ನೇ ಇರಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಆ ಬಟ್ಟಲು, ಆ ಸ್ಪಂಜು ಮಾರುವುದನ್ನು ನಿಲ್ಲಿಸಿ. ಕೌಂಟರಿನಲ್ಲಿ ಮರೀನ್ ಸಾಲ್ಟಿನ ಪೊಟ್ಟಣ ಇಡಿ, ಏಡಿಗಿಂತ ಅದರಲ್ಲೇ ಲಾಭ ಹೆಚ್ಚು ಬಂದರೂ ಬರಬಹುದು. ಅದೂ ಆಗದಿದ್ದರೆ ಬಟ್ಟಲುಗಳನ್ನೆಲ್ಲ ನನಗೆ ಕೊಟ್ಟುಬಿಡಿ. ಊರಿಗೆ ಒಯ್ದು ನಮ್ಮ ಬೀದಿಯ ಪುರೋಹಿತರಿಗೆ ಹಂಚುತ್ತೇನೆ.

ಇಂತಿ,
ಗುಂಡನ ತಾತ

ತಾ.ಕ.: ಸ್ಪಂಜನ್ನು ಇದರ ಜೊತೆ ಅಂಚೆಯಲ್ಲಿ ಕಳಿಸಿದ್ದೇನೆ. ಲಕೋಟೆಯನ್ನು ಅಂಗಡಿಯ ಹೊರಗೆ ಒಡೆಯಿರಿ. ಮೊನ್ನೆಯ ಪಾರ್ಕಿಂಗ್ ಚೀಟಿಯೂ ಅದರೊಳಗಿದೆ, ಹಣವನ್ನು ಮಗನ ವಿಳಾಸಕ್ಕೆ ಕಳಿಸತಕ್ಕದ್ದು.