ನಕ್ಷೆ ಸರಿಯಿತ್ತು, ನೆಲ ಕೈಕೊಟ್ಟಿತು

ನದಿ ದಂಡೆಯ ಲೇಔಟುಗಳ ಬಗ್ಗೆ ಜನರಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ: ನಕ್ಷೆ ನೆಲದ ಹಾಗಿರಬೇಕಂತೆ. ಈ ಶಾಸ್ತ್ರದಲ್ಲಿ ಪಳಗಿದ ನನ್ನಂಥವರು ಮೊದಲಿನಿಂದಲೂ ಹೇಳುತ್ತಿದ್ದೇವೆ, ನಕ್ಷೆಯ ಹಾಗಿರುವುದು ನೆಲದ ಕರ್ತವ್ಯ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ನೆಲ ಈ ಕರ್ತವ್ಯದಲ್ಲಿ ಪದೇ ಪದೇ ಲೋಪ ಎಸಗಿದೆ.

ಇಲಿನಾಯ್ಸ್‌ನ ಕೈರೊ ತೆಗೆದುಕೊಳ್ಳಿ. ಓಹಾಯೊ, ಮಿಸಿಸಿಪ್ಪಿ ನದಿಗಳ ಸಂಗಮ. 1830ರ ದಶಕದ ಕೊನೆಗೆ ಡೇರಿಯಸ್ ಹಾಲ್‌ಬ್ರೂಕ್ ಎಂಬ ದೂರದರ್ಶಿ ಅಲ್ಲಿ ಮಹಾನಗರ ಎಬ್ಬಿಸಲು ಹೊರಟ. ಹೆಸರಾಂತ ವಾಸ್ತುಶಿಲ್ಪಿ ವಿಲಿಯಂ ಸ್ಟ್ರಿಕ್‌ಲ್ಯಾಂಡ್ ಕೈಯಲ್ಲಿ ಮುಂದಾಗಲಿರುವ ನಗರದ ಚಿತ್ರ ಬರೆಸಿದ. ಬಾಂಡುಗಳನ್ನು ಲಂಡನ್ನಿನಲ್ಲಿ ಮಾರಿಸಿದ. ಕೊಳ್ಳುವವರು ಸಮುದ್ರದ ಆಚೆಗಿದ್ದಷ್ಟೂ ಒಳ್ಳೆಯದು, ಭಾನುವಾರ ಸೈಟ್ ನೋಡಲು ಬರುವುದಿಲ್ಲ. ತಗ್ಗು ಜಾಗ, ನೀರು ನುಗ್ಗುತ್ತದೆ ಎಂದು ಕೆಲವರು ಗೊಣಗಿದರು. ಎರಡು ನದಿಗಳೂ ಮನೆ ಬಾಗಿಲಿಗೆ ಬರುವ ಸೌಲಭ್ಯ ಇನ್ನೆಲ್ಲಿ ಸಿಕ್ಕೀತು? 1842ರಲ್ಲಿ ಆ ದಾರಿಯಾಗಿ ಹೋದ ಚಾರ್ಲ್ಸ್ ಡಿಕನ್ಸ್ ಜಾಗವನ್ನು ಬಾಯಿಗೆ ಬಂದಂತೆ ಹಳಿದ. ಕಾದಂಬರಿಕಾರರಿಗೆ ಕಲ್ಪನಾಶಕ್ತಿ ಸ್ವಲ್ಪ ಕಡಿಮೆ.

ಈ ಕಲೆ ತುತ್ತತುದಿ ಮುಟ್ಟಿದ್ದು ಮಿಸೌರಿ ನದಿಯ ಮೇಲಿನ ಸಮ್ನರ್‌ನಲ್ಲಿ, ಕ್ಯಾನ್ಸಸ್ ಸೀಮೆ. ಅದರ ಕಲ್ಲಚ್ಚಿನ ಚಿತ್ರದಲ್ಲಿ ಕಟ್ಟೆಗೆ ತಾಗಿ ನಿಂತ ಹೊಗೆಹಡಗುಗಳು, ಗುಡ್ಡದ ಮೇಲೆ ಸಾಲು ಸಾಲು ಕಟ್ಟಡಗಳು, ದಾರ ಹಿಡಿದು ಎಳೆದಂಥ ಬೀದಿಗಳು. ಹೊಗೆಯನ್ನು ಗಮನಿಸಬೇಕು. ಹೊಗೆ ಬರೆದರೆ ಕೆಳಗೆ ಬೆಂಕಿ ಇದೆ, ಬೆಂಕಿಯಿದ್ದಲ್ಲಿ ಕೆಲಸವಿದೆ, ಕೆಲಸವಿದ್ದಲ್ಲಿ ಸೈಟಿಗೆ ರೇಟು ಏರುತ್ತದೆ. ಇಷ್ಟೆಲ್ಲ ಒಂದು ಚಿಟಿಕೆ ಕಪ್ಪು ಮಸಿಯಲ್ಲಿ. ಇದನ್ನು ನಂಬಿ 1858ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ಯುವ ವಕೀಲ ಜಾನ್ ಜೇಮ್ಸ್ ಇಂಗಲ್ಸ್ ಹಡಗಿನಿಂದ ಇಳಿದು ನೋಡಿದರೆ, ಕಡಿದಾದ ದಿಣ್ಣೆ, ಕೊರಕಲು, ಅಲ್ಲೊಂದು ಇಲ್ಲೊಂದು ಮನೆ. ಸಿಟ್ಟಿನಲ್ಲಿ ಅಪ್ಪನಿಗೆ ಕಾಗದ ಬರೆದ. ದಿಣ್ಣೆಯ ಮೇಲೆ ಸಿಟ್ಟಾಗುವುದು ಬಿಟ್ಟು ಚಿತ್ರದ ಮೇಲೆ ಸಿಟ್ಟಾದ, ಪಾಪ. 1860ರಲ್ಲಿ ಸುಂಟರಗಾಳಿ ಬೀಸಿ ಇದ್ದಬದ್ದ ಮನೆಗಳನ್ನೂ ಕೆಡವಿತು. ಚಿತ್ರಕ್ಕೆ ಒಂದು ಗೀರೂ ಬೀಳಲಿಲ್ಲ. ಇಂಗಲ್ಸ್ ಮುಂದೆ ಸೆನೆಟರ್ ಆದ. ಹೂಡಿಕೆ ಲುಕ್ಸಾನಾಗಿಲ್ಲ ಎಂದೇ ನನ್ನ ತೀರ್ಮಾನ.

ಆದರೆ ಶಾಸ್ತ್ರದ ಪರಮಗುರು ಇಗ್ನೇಷಿಯಸ್ ಡಾನಲಿ. ಮಿನೆಸೋಟದಲ್ಲಿ, ಮಿಸಿಸಿಪ್ಪಿ ದಂಡೆಯ ಮೇಲೆ, 1856ರಲ್ಲಿ ನಿನಿಂಗರ್ ಎಂಬ ನಗರಕ್ಕೆ ಪಾಲುದಾರರ ಜೊತೆ ಗೂಟ ಹೊಡೆದ. ಊರು ಮೇಲೇಳುವ ಮೊದಲೇ ಊರಿನ ಹೊಗಳಿಕೆಗೆ ಪತ್ರಿಕೆ ಹೊರಟಿತು, ಅದೂ ಫಿಲಡೆಲ್ಫಿಯಾದಿಂದ. ಇದು ಸರಿಯಾದ ಕ್ರಮ; ಊರು ಹುಟ್ಟಿದ ಮೇಲೆ ಹೊಗಳುವುದು ಕಷ್ಟ. 1857ರ ಆರ್ಥಿಕ ಕುಸಿತದಲ್ಲಿ ದುಡ್ಡು ಬತ್ತಿತು, ಜನ ಜಾಗ ಖಾಲಿ ಮಾಡಿದರು. ಡಾನಲಿ ಕದಲಲಿಲ್ಲ. ಅಲ್ಲೇ ಮನೆ ಮಾಡಿಕೊಂಡು, ಸಂಸತ್ತಿಗೂ ಹೋಗಿಬಂದು, 1882ರಲ್ಲಿ ಒಂದು ದಪ್ಪ ಪುಸ್ತಕ ಪ್ರಕಟಿಸಿದ. ವಿಷಯ, ಕಡಲಲ್ಲಿ ಮುಳುಗಿಹೋದ ಅಟ್ಲಾಂಟಿಸ್. ನಕ್ಷೆಯೂ ಉಂಟು. ನಿನಿಂಗರ್‌ನ ಸೈಟುಗಳಿಗಿಂತ ಎಷ್ಟೋ ಪಾಲು ಚೆನ್ನಾಗಿ ಮಾರಾಟವಾಯಿತು. ಪ್ರವಾಹದ ಭಯವಿಲ್ಲ, ತಕರಾರು ಮಾಡುವ ಅಕ್ಕಪಕ್ಕದವರಿಲ್ಲ, ನಾಲ್ಕೂ ಕಡೆ ನೀರು. ಮೇಲ್ಗಡೆಯೂ.